ತುಂಬಿದ ಬಾಟಲಿ: ಒಂದು ಬೇಸಗೆ ಚಾರಣದ ಪ್ರಕರಣ ಅಧ್ಯಯನ

ಅತ್ತಿಗೆಯ ಚೀಲದಲ್ಲಿ ಒಂದೊಂದು ಲೀಟರಿನ ಎರಡು ಬಾಟಲಿ ನೀರಿತ್ತು. ಒಂದನ್ನು ತೆರೆದೇ ಇರಲಿಲ್ಲ. ಇನ್ನೊಂದರಲ್ಲಿ ಮೂರು ಬೆರಳಿನಷ್ಟು ಮಾತ್ರ ಇಳಿದಿತ್ತು. ಮೇ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಬೆಳಿಗ್ಗೆ ಎಂಟರಿಂದ ಗುಡ್ಡ ಹತ್ತಿದವರು ಅಬ್ಬಿಯ (ಜಲಪಾತದ) ಬುಡದ ಬಂಡೆಗೆ ಒರಗಿ ಕೂತರು. ವಾಂತಿ ಮಾಡಿದರು. "ತಲೆ ತಿರುಗ್ತಾ ಉಂಟು, ಕಾಲು ಸೆಟೆದಿದೆ" ಎಂದರು. ಪಕ್ಕದಲ್ಲೇ ನೀರು ಬೀಳುತ್ತಿತ್ತು.

ನಾನು ಅಲ್ಲಿ ಇರಲಿಲ್ಲ. ಆ ಚಾರಣ ನಡೆಸಿದವನು ನಾನೇ. ಆದರೆ ಆ ಹೊತ್ತಿಗೆ ಎಂಟು ಜನರನ್ನು ಕಟ್ಟಿಕೊಂಡು ಮೇಲಿನ ಅಬ್ಬಿಯ ಕಡೆ ಹೋಗುತ್ತಿದ್ದೆ. ಪ್ರಥಮ ಚಿಕಿತ್ಸೆಯ ಚೀಲ, ಅದರಲ್ಲಿದ್ದ ಓಆರ್‌ಎಸ್ ಪೊಟ್ಟಣ, ಎಲ್ಲವೂ ನನ್ನ ಬೆನ್ನ ಮೇಲಿತ್ತು.

ಯಾರಿಗೂ ದೊಡ್ಡ ಅಪಾಯ ಆಗಲಿಲ್ಲ. ಎಲ್ಲರೂ ಮನೆಗೆ ಬಂದರು. ಆದರೂ ನನಗೆ ನಿದ್ದೆ ಹತ್ತಲಿಲ್ಲ. ಮುಂದಿನ ವಾರ ಪೂರ್ತಿ ಬಂದವರ ಮನೆಗಳಿಗೆ ಹೋಗಿ, ಒಬ್ಬೊಬ್ಬರ ಹತ್ತಿರ ಕೂತು ಕೇಳಿದೆ. ಫೋನುಗಳಲ್ಲಿದ್ದ ಫೋಟೋಗಳ ಸಮಯ ನೋಡಿ ಗಂಟೆ ನಿಮಿಷಗಳನ್ನು ಜೋಡಿಸಿದೆ. ಈ ಬರಹ ಅದರಿಂದ ಬಂದದ್ದು. ಬೇಸಗೆ ರಜೆಯಲ್ಲಿ ನಮ್ಮ ಕಡೆಯಿಂದ ಹೀಗೆ ಗುಂಪು ಕಟ್ಟಿ ಗುಡ್ಡಕ್ಕೆ ಹೋಗುವವರು ತುಂಬ ಜನ ಇದ್ದಾರೆ. ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ಜಾಗ

ಕಾಸರಗೋಡು ಜಿಲ್ಲೆಯ ಪೂರ್ವದ ಅಂಚು ನಮ್ಮದು. ಮುಳ್ಳೇರಿಯ ದಾಟಿ ಒಳಗೆ ಬಂದರೆ ಸುಳ್ಯದ ಕಡೆಯ ಗಡಿ, ಅದರಾಚೆ ಕೊಡಗಿನ ಬೆಟ್ಟ. ಆ ಬೆಟ್ಟಗಳಲ್ಲಿ ಹುಟ್ಟಿದ ಪಯಸ್ವಿನಿ ಈ ಕಡೆ ಇಳಿದು ಚಂದ್ರಗಿರಿ ಹೊಳೆಯಾಗಿ ಸಮುದ್ರ ಸೇರುತ್ತದೆ. ಕೇರಳದ 44 ನದಿಗಳಲ್ಲಿ 12 ನಮ್ಮ ಒಂದೇ ಜಿಲ್ಲೆಯಲ್ಲಿ ಹರಿಯುತ್ತವೆ. ಹಾಗಾಗಿ ಗುಡ್ಡ ಇದ್ದಲ್ಲೆಲ್ಲ ತೋಡು (ಸಣ್ಣ ಹಳ್ಳ), ತೋಡು ಇದ್ದಲ್ಲೆಲ್ಲ ಒಂದಲ್ಲ ಒಂದು ಅಬ್ಬಿ. ನಾವು ಹೋದದ್ದು ಪಯಸ್ವಿನಿಗೆ ಸೇರುವ ಅಂಥದ್ದೇ ಒಂದು ಸಣ್ಣ ತೋಡಿನ ದಾರಿ. ಅದು ಮೂರು ಕಡೆ ಧುಮುಕುತ್ತದೆ. ದಾರಿ ಖಾಸಗಿ ತೋಟಗಳ ಒಳಗಿಂದ ಹೋಗುತ್ತದೆ, ತೋಟದವರು ಗುರುತಿನ ಮೇಲೆ ಬಿಡುತ್ತಾರೆ. ಅದಕ್ಕೇ ಜಾಗದ ಹೆಸರು ಬರೆಯುವುದಿಲ್ಲ.

ಮೇ ತಿಂಗಳಲ್ಲಿ ಅಬ್ಬಿ ಅಂದರೆ ಮಳೆಗಾಲದ ಆರ್ಭಟ ಅಲ್ಲ. ಕೆಳಗಿನದು ಬರೀ ಪಾಚಿ ಒಣಗಿದ ಕಪ್ಪು ಬಂಡೆ. ನಡುವಿನದು ಸುಮಾರು 25 ಅಡಿ, ಒಂದು ಕೈಯಗಲ ನೀರು, ಬುಡದಲ್ಲಿ ಸೊಂಟದಾಳದ ಗುಂಡಿ. ಮೇಲಿನದು ಇನ್ನೂ ಎತ್ತರ, ಬಂಡೆಗೆ ಅಂಟಿಕೊಂಡು ಇಳಿಯುವ ನೂಲಿನಂಥ ನೀರು. ಈ ನೀರು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಒರತೆ. ಮಳೆಗಾಲದಲ್ಲಿ ಗುಡ್ಡ ಕುಡಿದದ್ದನ್ನು ಬೇಸಗೆಯಲ್ಲಿ ಹನಿ ಹನಿಯಾಗಿ ಬಿಡುತ್ತದೆ. ನಮ್ಮ ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ತೋಟಕ್ಕೆ ನೀರು ತಂದದ್ದೂ ಇದೇ ಒರತೆಯಿಂದ. ಅದರ ತಣ್ಣನೆ ನೀರಿಗಾಗಿಯೇ ಜನ ಬೇಸಗೆಯಲ್ಲಿ ಹೋಗುವುದು. ನನಗೂ ಅದರ ಆಸೆಯೇ.

ಅದೇ ಮುರಕಲ್ಲಿಗೆ ಇನ್ನೊಂದು ಗುಣ ಇದೆ. ಗುಡ್ಡದ ನೆತ್ತಿಯ ಬಯಲಿಗೆ ನಾವು ಪದವು ಎನ್ನುತ್ತೇವೆ, ಅಲ್ಲಿ ಮಣ್ಣೇ ಇಲ್ಲದ ಬೋಳು ಕಲ್ಲಿನ ಹಾಸು ಇರುತ್ತದೆ. ಬೇಸಗೆಯಲ್ಲಿ ಅದು ಕಾದ ಕಾವಲಿ. ಅದರ ಮೇಲೆ ಜೋರು ಮಳೆ ಬಿದ್ದರೆ ಹಿಡಿದಿಡುವ ಮಣ್ಣಿಲ್ಲ, ಬೇರಿಲ್ಲ. ಬಿದ್ದದ್ದೆಲ್ಲ ನೇರ ತೋಡಿಗೆ. ಅರ್ಧ ಗಂಟೆಯಲ್ಲಿ ತೋಡು ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಇಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನೂ ಅಲ್ಲ.

ಜನ, ಹೊತ್ತು, ದೂರ

ನಮ್ಮ ಊರಿನ ವಾಚನಾಲಯದ ಬಳಗ. ಒಟ್ಟು 17 ಮಂದಿ. ಏಳು ಹೆಂಗಸರು ಮತ್ತು ಹುಡುಗಿಯರು, ಹತ್ತು ಗಂಡಸರು ಮತ್ತು ಹುಡುಗರು. ಎಲ್ಲರಿಗಿಂತ ಚಿಕ್ಕವನಿಗೆ 13, ದೊಡ್ಡವರಿಗೆ 61. ಆ ದೊಡ್ಡವರು ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದ ನಮ್ಮ ಮಾವ. ಅಂಗನವಾಡಿ ಟೀಚರ್ ಒಬ್ಬರಿದ್ದರು. ಅತ್ತಿಗೆಗೆ 46. ಅವರ ಮಗನೂ ಬಂದಿದ್ದ, ಡಿಗ್ರಿ ಎರಡನೇ ವರ್ಷ.

ದಾರಿ ಒಂದು ಬದಿಗೆ ನಾಲ್ಕೂವರೆ ಕಿಲೋಮೀಟರ್, ಏರು ಸುಮಾರು 400 ಮೀಟರ್. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಬೆಟ್ಟ ಹತ್ತುವವರು 1892ರಲ್ಲಿ ಮಾಡಿಟ್ಟ ಲೆಕ್ಕ ಒಂದಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ನಮಗೆ ಸುಮಾರು 1 ಗಂಟೆ 35 ನಿಮಿಷ ಸಾಕು. ನಾನು ಇದಕ್ಕೆ ಒಂದು ಗಂಟೆ ಸೇರಿಸಿ, ಎರಡೂವರೆ ಗಂಟೆ ಎಂದು ಹಿಡಿದೆ. ಆ ಲೆಕ್ಕ ಗಟ್ಟಿಮುಟ್ಟಾದವರಿಗೆ, ತಂಪು ದೇಶಕ್ಕೆ ಮಾಡಿದ್ದು. ನಮ್ಮ ಕರಾವಳಿಯ ಬೇಸಗೆಗೆ ಅದು ಹೊಂದುವುದಿಲ್ಲ. ಇಲ್ಲಿ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಥರ್ಮಾಮೀಟರಿನಲ್ಲಿ 34 ಡಿಗ್ರಿ ಇದ್ದರೂ ಮೈಗೆ ತಾಗುವುದು ಅದಕ್ಕಿಂತ ತುಂಬ ಜಾಸ್ತಿ.

ಬೆಳಿಗ್ಗೆ 6:30ಕ್ಕೆ ಹೊರಡಬೇಕಿತ್ತು. ಒಂದೇ ಜೀಪು ಎರಡು ಟ್ರಿಪ್ ಹೊಡೆಯಬೇಕಾಯಿತು. ನಡೆಯಲು ಶುರು ಮಾಡಿದಾಗ 8:10. ತಿರುಗಿ ಹೊರಡುವ ಹೊತ್ತು 11:30 ಎಂದು ಹಿಂದಿನ ರಾತ್ರಿಯೇ ಎಲ್ಲರಿಗೂ ಮೆಸೇಜ್ ಹಾಕಿದ್ದೆ. ಹೊರಡುವುದು ಒಂದು ಗಂಟೆ ನಲವತ್ತು ನಿಮಿಷ ತಡವಾದಾಗ ಮೇಲಿನ ಅಬ್ಬಿಯನ್ನು ಅವತ್ತಿನ ಪಟ್ಟಿಯಿಂದಲೇ ತೆಗೆಯಬೇಕಿತ್ತು. ನಾನು ತೆಗೆಯಲಿಲ್ಲ. ಆ ದಿನದ ಮೊದಲ ತಪ್ಪು ಅದು, ಜೀಪಿನ ಬುಡದಲ್ಲೇ ಆದದ್ದು.

ಏರು

ಮೊದಲ ಮುಕ್ಕಾಲು ಗಂಟೆ ಗೇರು ತೋಟದ ನೆರಳು. ಮಕ್ಕಳು ಬಿದ್ದ ಗೇರುಹಣ್ಣು ಹೆಕ್ಕಿದರು, ಕಾಟು ಮಾವಿನಕಾಯಿಗೆ ಕಲ್ಲು ಹೊಡೆದರು. ಒಬ್ಬಳು ಹುಡುಗಿ ಕಾಗದದ ಪೊಟ್ಟಣದಲ್ಲಿ ಕಲ್ಲುಪ್ಪು ಕಟ್ಟಿಕೊಂಡೇ ಬಂದಿದ್ದಳು, ಮಾವಿನಕಾಯಿ ಸಿಗುತ್ತದೆ ಎಂದು. ಈ ಪೊಟ್ಟಣವನ್ನು ನೆನಪಿಡಿ.

9:40ಕ್ಕೆ ಕೆಳಗಿನ ಅಬ್ಬಿ. ಅಲ್ಲಿ ತಿಂಡಿ. ಅತ್ತಿಗೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು 17 ಜನಕ್ಕೂ ಕೊಟ್ಟಿಗೆ (ಎಲೆಯಲ್ಲಿ ಬೇಯಿಸುವ ಕಡುಬು) ಬೇಯಿಸಿ ತಂದಿದ್ದರು. ಬಡಿಸಿದವರೂ ಅವರೇ. ತಾವು ತಿಂದದ್ದು ಅರ್ಧ ಕೊಟ್ಟಿಗೆ. ಇದು ನನಗೆ ಅವತ್ತು ಗೊತ್ತಿರಲಿಲ್ಲ, ಟೀಚರ್ ಆಮೇಲೆ ಹೇಳಿದರು.

10:15ಕ್ಕೆ ಪದವು ಹತ್ತಲು ಶುರು. ಒಂದು ಕಿಲೋಮೀಟರ್, ಒಂದೂ ಮರ ಇಲ್ಲ. ಒಣಗಿದ ಮುಳಿಹುಲ್ಲು, ಕಪ್ಪಾದ ಮುರಕಲ್ಲು, ಮೇಲಿಂದಲೂ ಕೆಳಗಿಂದಲೂ ಬಿಸಿ. ಇಲ್ಲಿಯೇ ಗುಂಪು ಎರಡಾಯಿತು. ಯಾರೂ ಎರಡಾಗೋಣ ಎಂದು ಹೇಳಿದ್ದಲ್ಲ. ಬಿಸಿಲು ಸುಡುವಾಗ ಕಾಲಿಗೆ ಶಕ್ತಿ ಇರುವವರು ಬೇಗ ನೆರಳು ಸೇರಲು ಓಡುತ್ತಾರೆ, ಶಕ್ತಿ ಇಲ್ಲದವರು ಇನ್ನಷ್ಟು ನಿಧಾನವಾಗುತ್ತಾರೆ. ನಾನು ಮುಂದಿನವರ ಜೊತೆಗಿದ್ದೆ. ದಾರಿ ತೋರಿಸುವವನು ಮುಂದೆ ಇರಬೇಕಲ್ವಾ ಎಂದು ನನ್ನ ಲೆಕ್ಕ.

ಮುಂದಿನ ಒಂಬತ್ತು ಜನ ನಡುವಿನ ಅಬ್ಬಿ ಸೇರಿದ್ದು 11:20ಕ್ಕೆ. ಗುಂಡಿಯಲ್ಲಿ ಮುಖ ತೊಳೆದೆವು. 11:30 ಆಯಿತು. ಹಿಂದಿನವರು ಕಾಣಲಿಲ್ಲ. "ಮೇಲಿನದ್ದು ಇಲ್ಲೇ, ಹತ್ತು ನಿಮಿಷ" ಎಂದ ಒಬ್ಬ ಹುಡುಗ. ಅವನು ಹೋಗಿದ್ದದ್ದು ಡಿಸೆಂಬರಿನ ಚಳಿಯಲ್ಲಿ, ಮೂರೇ ಜನ. "ಅವರು ಬಂದು ಇಲ್ಲಿ ಕೂತು ಸುಧಾರಿಸಿಕೊಳ್ಳಲಿ, ಅಷ್ಟರಲ್ಲಿ ನಾವು ಹೋಗಿ ಬರುವ" ಎಂದೆ ನಾನು. 11:45ಕ್ಕೆ ಅಬ್ಬಿಯ ನೆತ್ತಿ ಹತ್ತಿ, ತೋಡು ದಾಟಿ, ಆಚೆ ದಡದ ದಾರಿ ಹಿಡಿದೆವು. ದಾಟುವಲ್ಲಿ ನೀರು ಪಾದ ಮುಳುಗುವಷ್ಟೂ ಇರಲಿಲ್ಲ.

ಹಿಂದಿನ ಎಂಟು ಜನ ಗುಂಡಿಯ ಬಳಿ ಬಂದದ್ದು 11:50ಕ್ಕೆ. ಐದು ನಿಮಿಷ. ಅಷ್ಟು ಕಾದಿದ್ದರೆ ಅತ್ತಿಗೆಯ ಮುಖ ನನ್ನ ಕಣ್ಣಿಗೆ ಬೀಳುತ್ತಿತ್ತು. ಈ ಪ್ರಕರಣದಲ್ಲಿ ನನ್ನನ್ನು ಈಗಲೂ ಚುಚ್ಚುವುದು ಈ ಐದು ನಿಮಿಷ.

ಗುಂಡಿಯ ಬಳಿ

ಪದವಿನ ಮೇಲೆ ಇರುವಾಗಲೇ ಅತ್ತಿಗೆಯ ಮೀನಖಂಡ ಹಿಡಿದುಕೊಂಡಿತ್ತು. ಎರಡು ಸಲ ಕೂತು ಎದ್ದಿದ್ದರು. "ಎಂತ ಆಯ್ತು?" ಎಂದು ಮಾವ ಕೇಳಿದಾಗ "ಏನಿಲ್ಲ, ಅಭ್ಯಾಸ ಇಲ್ಲ ಅಲ್ವಾ" ಎಂದಿದ್ದರು. ಗುಂಡಿಯ ಬಳಿ ಬಂದು ಕೂತ ಮೇಲೆ ವಾಂತಿ. ಮುಖ ಬಿಳಚಿಕೊಂಡಿತ್ತು, ಮೈಯೆಲ್ಲ ಬೆವರು, ಮುಟ್ಟಿದರೆ ತಣ್ಣಗೆ ಅಂಟಂಟು.

ಟೀಚರ್ ಮಾಡಿದ್ದನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಅದನ್ನು ಯಾರೂ ಕಲಿಯಬಹುದು. ಮೊದಲು ಕೇಳಿದ್ದು: "ಇವತ್ತು ಯಾವ ವಾರ? ನಾವು ಎಲ್ಲಿದ್ದೇವೆ?" ಅತ್ತಿಗೆ ಸರಿಯಾಗಿ ಉತ್ತರ ಕೊಟ್ಟರು. ಇದು ದೊಡ್ಡ ವಿಷಯ. ಬಿಸಿಲಿನಿಂದ ಬಳಲಿದವರಿಗೆ ಬೆವರು, ಸೆಳೆತ, ವಾಂತಿ, ತಲೆಸುತ್ತು ಎಲ್ಲ ಬರುತ್ತದೆ, ಆದರೆ ಬುದ್ಧಿ ಸರಿ ಇರುತ್ತದೆ. ಮಾತು ತೊದಲಿದರೆ, ಎಲ್ಲಿದ್ದೇವೆ ಎಂಬ ಅರಿವು ತಪ್ಪಿದರೆ, ಅದು ಬಿಸಿಲಾಘಾತ. ಆಗ ಮೈಯ ಒಳಗಿನ ಬಿಸಿ 40 ಡಿಗ್ರಿ ದಾಟಿರುತ್ತದೆ. ಅದು ಜೀವಕ್ಕೆ ಅಪಾಯ. ಬಾಯಿಗೆ ನೀರು ಹಾಕಬಾರದು, ಮೈಯನ್ನು ಸಿಕ್ಕಿದ ನೀರಲ್ಲಿ ತಂಪು ಮಾಡುತ್ತಲೇ ಆಸ್ಪತ್ರೆಗೆ ಹೊರಡಬೇಕು. ಅತ್ತಿಗೆ ಅಲ್ಲಿಗೆ ಮುಟ್ಟಿರಲಿಲ್ಲ. ಇನ್ನೊಂದು ಗಂಟೆ ನಡೆಸಿದ್ದರೆ ಮುಟ್ಟುತ್ತಿದ್ದರೋ ಏನೋ.

ನೆರಳಿಗೆ ಎಳೆದು ಮಲಗಿಸಿದರು. ಚಪ್ಪಲಿ, ಬಿಗಿ ಬಟ್ಟೆ ಸಡಿಲಿಸಿದರು. ಕಾಲನ್ನು ಗುಂಡಿಯ ಅಂಚಿನ ನೀರಿನಲ್ಲಿ ಇಟ್ಟರು. ಎರಡು ಶಾಲು ಒದ್ದೆ ಮಾಡಿ ಕುತ್ತಿಗೆಗೆ, ಹೊಟ್ಟೆಗೆ ಹೊದೆಸಿದರು. ಮಾವ ತಲೆಯ ಮೇಲಿದ್ದ ಮುಟ್ಟಾಳೆ ತೆಗೆದು ಅದರಿಂದಲೇ ಗಾಳಿ ಹಾಕುತ್ತ ಕೂತರು. ಒದ್ದೆ ಬಟ್ಟೆಯ ಮೇಲೆ ಗಾಳಿ ಹಾಕುವುದು ಇಂಥ ಹೊತ್ತಿನಲ್ಲಿ ತುಂಬ ಒಳ್ಳೆಯ ಮದ್ದು, ಆರದ ಬೆವರಿನ ಕೆಲಸವನ್ನು ಅದು ಮಾಡುತ್ತದೆ.

ಓಆರ್‌ಎಸ್ ನನ್ನ ಬೆನ್ನ ಮೇಲೆ. ಟೀಚರ್ ಹತ್ತಿರ ಪುನರ್ಪುಳಿ (ಕೋಕಂ) ಶರಬತ್ತಿನ ಗಟ್ಟಿ ಸಿರಪ್ ಒಂದು ಸಣ್ಣ ಬಾಟಲಿ ಇತ್ತು. ಹುಡುಗಿಯ ಹತ್ತಿರ ಕಲ್ಲುಪ್ಪಿನ ಪೊಟ್ಟಣ. ಮನೆಯ ಲೆಕ್ಕ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆಯ ಬದಲು ಸಿರಪ್ಪು, ಉಪ್ಪನ್ನು ಕಲ್ಲಿನಿಂದ ಜಜ್ಜಿ ಕಣ್ಣಂದಾಜಿನಲ್ಲಿ. "ಕಣ್ಣೀರಿನಷ್ಟು ಉಪ್ಪಾಗಬೇಕು, ಅದಕ್ಕಿಂತ ಜಾಸ್ತಿ ಆಗಬಾರದು" ಎಂದು ತಾವೇ ರುಚಿ ನೋಡಿ ಕೊಟ್ಟರು. ಎರಡು ಎರಡು ಗುಟುಕು, ನಡುವೆ ಬಿಡುವು. ಒಮ್ಮೆಲೇ ಗಟಗಟ ಕುಡಿಸಿದರೆ ಮತ್ತೆ ವಾಂತಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಸಿದರೂ ರಕ್ತದಲ್ಲಿ ಉಪ್ಪು ಕಡಿಮೆಯಾಗಿ ಬೇರೆ ತೊಂದರೆ.

ಆ ನೀರು ಬೇಕೆಂದು ಅತ್ತಿಗೆಯ ಚೀಲ ತೆರೆದಾಗಲೇ ಟೀಚರಿಗೆ ತುಂಬಿದ ಬಾಟಲಿ ಸಿಕ್ಕಿದ್ದು. "ಇದೆಂತ ಮಾರಾಯ್ತಿ, ಕುಡೀಲೇ ಇಲ್ವಾ?" ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಹೇಳಿದರಂತೆ: "ಕುಡಿದ್ರೆ ಮತ್ತೆ ಎಲ್ಲಿಗೆ ಹೋಗುದು?"

ಯಾಕೆ ಕುಡಿಯಲಿಲ್ಲ

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಆಮೇಲೆ ಮಳೆ ಬಂತು, ತೋಡು ಏರಿತು, ಅದೆಲ್ಲ ಕೇಳಲು ರೋಚಕ. ಆದರೆ ನಮ್ಮ ಗುಂಪು ಅಲ್ಲಿ ಸಿಕ್ಕಿಬಿದ್ದದ್ದು ಈ ಒಂದು ಸಾಲಿನಿಂದ.

ಏಳು ಜನ ಹೆಂಗಸರಲ್ಲಿ ಐವರು ಅವತ್ತು ಬೆಳಿಗ್ಗೆಯಿಂದ ಬೇಕೆಂದೇ ನೀರು ಕಡಿಮೆ ಕುಡಿದಿದ್ದರು. ಇದನ್ನು ನಾನು ಕೇಳಿ ತಿಳಿದದ್ದಲ್ಲ, ನನಗೆ ಹೇಳಲೂ ಇಲ್ಲ. ಟೀಚರ್ ಹೋಗಿ ಕೇಳಿದಾಗ ಗೊತ್ತಾಯಿತು. ಗಂಡಸರು ದಾರಿಯಲ್ಲಿ ಮರದ ಮರೆಗೆ ಹೋಗಿ ಬಂದರು, ಅದೊಂದು ವಿಷಯವೇ ಅಲ್ಲ. ಹೆಂಗಸರಿಗೆ ಗುಂಪು ನಿಲ್ಲಬೇಕು, ಮರೆ ಬೇಕು, ಜೊತೆಗೆ ಒಬ್ಬರು ಬೇಕು, ಅದಕ್ಕೂ ಮೊದಲು "ನಿಲ್ಲಿ" ಎಂದು ಹೇಳಬೇಕು. ಹದಿನೈದು ವರ್ಷದ ಹುಡುಗಿಗೆ ಮಾವಂದಿರ ಎದುರು ಹಾಗೆ ಹೇಳಲು ಬಾಯಿ ಬರುತ್ತದಾ? 46ರ ಅತ್ತಿಗೆಗೇ ಬರಲಿಲ್ಲ.

ಅತ್ತಿಗೆಯ ಮಟ್ಟಿಗೆ ಇನ್ನೊಂದು ಗಂಟು ಇತ್ತು. ಬಿಪಿಗೆ ಅವರು ತೆಗೆದುಕೊಳ್ಳುವ ಮಾತ್ರೆ ಮೂತ್ರ ಜಾಸ್ತಿ ಮಾಡಿಸುವ ಬಗೆಯದು. ಬೆಳಿಗ್ಗೆ ಅದನ್ನು ನುಂಗಿದ್ದರು. ಮಾತ್ರೆಯಿಂದ ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ, ಹಾಗಾಗಿ ಅಂಥವರು ಬಿಸಿಲಲ್ಲಿ ಬೇಗ ಬಳಲುತ್ತಾರೆ. ಆದರೆ ಅದೇ ಮಾತ್ರೆಯ ಹೆದರಿಕೆಯಿಂದ ಅವರು ನೀರನ್ನೂ ಬಿಟ್ಟರು. ಬಿಸಿಲಲ್ಲಿ ಏರು ಹತ್ತುವಾಗ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಹೊರಟು ನಾಲ್ಕು ಗಂಟೆ ಹತ್ತಿರವಾಗಿತ್ತು. ಕುಡಿದದ್ದು ಮೂರು ಬೆರಳು.

ನನ್ನ ಮೆಸೇಜಿನಲ್ಲಿ "ಪ್ರತಿಯೊಬ್ಬರೂ ಎರಡು ಲೀಟರ್ ನೀರು ತರಬೇಕು" ಎಂದಿತ್ತು. ಎಲ್ಲರೂ ತಂದಿದ್ದರು. ಕುಡಿಯುವುದಕ್ಕೆ ಏನು ಅಡ್ಡಿ ಎಂದು ನಾನು ಯೋಚಿಸಿರಲೇ ಇಲ್ಲ. ಹತ್ತು ವರ್ಷದಿಂದ ಗುಡ್ಡ ಹತ್ತುತ್ತಿದ್ದೇನೆ, ಒಮ್ಮೆಯೂ ಅದು ನನ್ನ ತಲೆಗೆ ಬಂದಿರಲಿಲ್ಲ. ಆಮೇಲೆ ಅತ್ತಿಗೆ ಹತ್ತಿರ "ಒಂದು ಮಾತು ಹೇಳಬಹುದಿತ್ತಲ್ಲ" ಎಂದೆ. "ನಿಂಗೆ ಹೇಗೆ ಹೇಳುದು ಮಾರಾಯ?" ಎಂದರು. ಅದು ಅವರು ಹೇಳಬೇಕಾದ ಮಾತಲ್ಲ, ನಾನು ವ್ಯವಸ್ಥೆ ಮಾಡಬೇಕಾದ ಮಾತು.

ಚಪ್ಪಲಿ

12:50ರ ಹೊತ್ತಿಗೆ ಅತ್ತಿಗೆ ಎದ್ದು ಕೂತಿದ್ದರು. ಮುಖಕ್ಕೆ ಬಣ್ಣ ಬಂದಿತ್ತು. ಮೂಡಣ ದಿಕ್ಕಿನಲ್ಲಿ ಮೋಡ ಕಪ್ಪಾಗಿತ್ತು, ಆದರೆ ಗುಂಡಿಯ ಮೇಲೆ ಇನ್ನೂ ಬಿಸಿಲು. ಉಪ್ಪಿನ ಪೊಟ್ಟಣದ ಹುಡುಗಿ ನೀರಲ್ಲಿ ಕಾಲಾಡಿಸಲು ಹೋದವಳು ಚಪ್ಪಲಿಯನ್ನು ಒಂದು ಒಣ ಕಲ್ಲಿನ ಮೇಲೆ ಇಟ್ಟಿದ್ದಳು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. 1:20ಕ್ಕೆ ನೋಡುತ್ತಾಳೆ, ಒಂದು ಚಪ್ಪಲಿ ಇಲ್ಲ. ಇನ್ನೊಂದು ಕಲ್ಲಿನ ಮೇಲೆಯೇ ಮೆಲ್ಲನೆ ತಿರುಗುತ್ತಿದೆ. ಒಣಗಿದ್ದ ಕಲ್ಲಿನ ಮೇಲೆ ಬೆರಳಿನಾಳದ ನೀರು. ಅವಳು ಯಾರೋ ತಮಾಷೆ ಮಾಡಿದರು ಎಂದುಕೊಂಡು ತಮ್ಮನನ್ನು ಬೈದಳು.

ಆ ಬೈಗುಳ ಕೇಳಿ ಮಾವ ತಿರುಗಿ ನೋಡಿದರು. ನೀರಿನ ಮೇಲೆ ಒಣ ಎಲೆ, ಕಡ್ಡಿ ಬರುತ್ತಿದ್ದವು. ಬೆಳಿಗ್ಗೆ ತಳ ಕಾಣುತ್ತಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. "ಏಳಿ, ಏಳಿ, ಎಲ್ಲ ಮೇಲೆ" ಎಂದರು. ಚೀಲ ಹೆಕ್ಕಲೂ ಬಿಡಲಿಲ್ಲ. ಇಬ್ಬರು ಅತ್ತಿಗೆಯ ಕಂಕುಳಿಗೆ ಕೈ ಕೊಟ್ಟು ಏಳೆಂಟು ಮೀಟರ್ ಮೇಲಿನ ಸಮತಟ್ಟಿಗೆ ಹತ್ತಿಸಿದರು. ಹತ್ತಿ ಮುಗಿಯುವಷ್ಟರಲ್ಲಿ, 1:32ರ ಒಂದು ವಿಡಿಯೋದಲ್ಲಿ, ಕೈಯಗಲದ ಅಬ್ಬಿ ಕೆಂಪು ನೀರಾಗಿ ಇಡೀ ಬಂಡೆಯ ಅಗಲಕ್ಕೆ ಬೀಳುತ್ತಿದೆ. ಅತ್ತಿಗೆ ಮಲಗಿದ್ದ ಜಾಗ ನೀರಿನ ಅಡಿಗೆ ಹೋಗಿದೆ. ಅಲ್ಲಿ ಆಗಲೂ ಒಂದು ಹನಿ ಮಳೆ ಬಿದ್ದಿರಲಿಲ್ಲ.

ಪತ್ತನಾಜೆಗೆ ಹತ್ತು ಹನಿ ಬೀಳಲೇಬೇಕು ಎನ್ನುತ್ತಾರೆ ನಮ್ಮ ಕಡೆ. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಬರುವುದು ಮೇ ಕೊನೆಯ ಹೊತ್ತಿಗೆ. ಆದರೆ ಮಳೆಗಾಲಕ್ಕೆ ಮೊದಲಿನ ಗುಡುಗು ಮಳೆಗೆ ದಿನ ಇಲ್ಲ, ವಾರ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಬೆಟ್ಟದ ಕಡೆ ಮೋಡ ಕಟ್ಟಿ ಸುರಿಯುತ್ತದೆ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಮಿಂಚಿನ ಬಗ್ಗೆ ಜಾಗ್ರತೆ ಎಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುತ್ತಲೇ ಇರುತ್ತದೆ. ಅವತ್ತು ಎರಡು ಗಂಟೆಯವರೆಗೂ ಕಾಯಲಿಲ್ಲ.

ಎರಡು ದಡ

ನಾವು ಮೇಲಿನ ಅಬ್ಬಿ ಮುಟ್ಟಿದ್ದು 12:35ಕ್ಕೆ. ಹತ್ತು ನಿಮಿಷ ಅಂದದ್ದು 50 ನಿಮಿಷ ಆಯಿತು. ಒಂದು ಗಂಟೆಗೆ ಮೂಡು ದಿಕ್ಕಿನಲ್ಲಿ ಗುಡುಗು ಕೇಳಿತು. ಕೂಡಲೇ ಇಳಿಯಲು ಶುರು ಮಾಡಿದೆವು. 1:40ಕ್ಕೆ ದಾಟುವ ಜಾಗಕ್ಕೆ ಬಂದಾಗ ಪಾದ ಮುಳುಗದಿದ್ದ ತೋಡು ಮೊಣಕಾಲಿಗಿಂತ ಮೇಲೆ, ಕೆಂಪಗೆ, ಮರದ ತುಂಡುಗಳನ್ನು ಹೊತ್ತು ಹೋಗುತ್ತಿತ್ತು. ಅಗಲ ಆರು ಮೀಟರ್ ಇರಬಹುದು. ಕೆಳಗೆ ಮೂವತ್ತು ಅಡಿ ದೂರದಲ್ಲಿ ಅಬ್ಬಿಯ ಬಾಯಿ.

ಆಚೆ ಬದಿಯ ಸಮತಟ್ಟು ಅಲ್ಲಿಂದ ಕಾಣುತ್ತಿತ್ತು. ನಾವು ಕೂ ಹಾಕಿದೆವು. ನೀರಿನ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಹುಡುಗಿಯೊಬ್ಬಳು ನಮ್ಮನ್ನು ನೋಡಿ ಕೈ ಬೀಸಿದಳು, ಆಮೇಲೆ ಕೈಯನ್ನು ಕೆನ್ನೆಗೆ ಇಟ್ಟು ಮಲಗಿದ ಸನ್ನೆ ಮಾಡಿ ಹಿಂದೆ ತೋರಿಸಿದಳು. ಅಲ್ಲಿ ಅತ್ತಿಗೆ ಮಲಗಿದ್ದರು.

ಅತ್ತಿಗೆಯ ಮಗ ನನ್ನ ಪಕ್ಕದಲ್ಲೇ ಇದ್ದ. ಎರಡು ಲುಂಗಿ, ಒಂದು ಶಾಲು ಗಂಟು ಹಾಕಿದರೆ ಹಗ್ಗ ಆಗುತ್ತದೆ, ಒಬ್ಬೊಬ್ಬರಾಗಿ ದಾಟುವ ಎಂದ. ನಾನು ಬೇಡ ಎಂದೆ. "ಅಮ್ಮ ಅಲ್ಲಿ ಬಿದ್ದಿದ್ದಾರೆ ಚಿಕ್ಕಪ್ಪ" ಎಂದು ನೀರಿಗೆ ಒಂದು ಕಾಲು ಇಟ್ಟ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಅವನು ನನಗಿಂತ ಬಲವಾಗಿದ್ದಾನೆ, ಕೊಸರಿದ್ದರೆ ನನ್ನಿಂದ ಹಿಡಿಯಲು ಆಗುತ್ತಿರಲಿಲ್ಲ. ಮೊಣಕಾಲಿನಷ್ಟು ನೀರು ವೇಗವಾಗಿ ಹರಿದರೆ ನಿಂತವರ ಕಾಲನ್ನು ಎತ್ತಿಬಿಡುತ್ತದೆ. ಅಡಿಯಲ್ಲಿ ಉರುಳುವ ಕಲ್ಲು ಕಾಣುವುದಿಲ್ಲ. ಹಗ್ಗ ಇದ್ದರೂ, ಬಿದ್ದವನನ್ನು ಆ ಹಗ್ಗವೇ ನೀರಿನಡಿಗೆ ಒತ್ತಿ ಹಿಡಿಯಬಹುದು. ಇದೆಲ್ಲ ನನಗೆ ಗೊತ್ತಿತ್ತು, ಆದರೆ ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಅವನನ್ನು ನಿಲ್ಲಿಸಿದ್ದು ಅತ್ತಿಗೆ. ಮಗ ನೀರಿಗೆ ಕಾಲಿಟ್ಟದ್ದನ್ನು ಅಲ್ಲಿಂದ ಕಂಡರು. ಟೀಚರ ಭುಜ ಹಿಡಿದು ಎದ್ದು ನಿಂತರು. ಎರಡೂ ಕೈ ಎತ್ತಿ, ಅಂಗೈ ನಮ್ಮ ಕಡೆ ತೋರಿಸಿ, ಬೇಡ ಬೇಡ ಎಂದು ಆಡಿಸಿದರು. ನಾವು ಹಿಂದೆ ಸರಿದು ಬಂಡೆಯ ಮೇಲೆ ಕೂರುವವರೆಗೂ ಹಾಗೇ ನಿಂತಿದ್ದರು.

1:55ಕ್ಕೆ ಮಳೆ ಬಂತು. ಮಿಂಚಿಗೂ ಗುಡುಗಿಗೂ ನಡುವೆ ಹತ್ತು ಎಣಿಸುವಷ್ಟೂ ಬಿಡುವಿರಲಿಲ್ಲ. ಸದ್ದು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಬರುತ್ತದೆ. 30 ಎಣಿಸುವ ಮೊದಲು ಗುಡುಗು ಕೇಳಿದರೆ ಮಿಂಚು ಹತ್ತು ಕಿಲೋಮೀಟರ್ ಒಳಗಿದೆ, ಅದು ನಮ್ಮ ಮೇಲೂ ಬೀಳಬಹುದು. ನಾವು ಚೀಲಗಳ ಮೇಲೆ ಕಾಲು ಜೋಡಿಸಿ, ಒಬ್ಬರಿಂದ ಒಬ್ಬರು ದೂರ ಕುಕ್ಕರಗಾಲಲ್ಲಿ ಕೂತೆವು. ಆಚೆಯವರು ಎಂಟೂ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಆ ಸಮತಟ್ಟಿನ ಒಂದೇ ದೊಡ್ಡ ಮರದ ಬುಡದಲ್ಲಿ ಕೂತಿದ್ದರು. ಎತ್ತರದ ಒಂಟಿ ಮರದ ಬುಡ ಎಲ್ಲಕ್ಕಿಂತ ಕೆಟ್ಟ ಜಾಗ. ಒತ್ತಿ ಕೂರುವುದು ಇನ್ನೂ ಕೆಟ್ಟದ್ದು, ಒಂದು ಹೊಡೆತ ಎಲ್ಲರಿಗೂ ತಾಗುತ್ತದೆ. ಅವರಿಗೆ ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಹೇಳಬೇಕಾದವನು ಆಚೆ ದಡದಲ್ಲಿದ್ದ. ಅವತ್ತು ಮಿಂಚು ಬೇರೆಲ್ಲೋ ಬಿತ್ತು, ಅಷ್ಟೇ.

2:40ಕ್ಕೆ ಮಳೆ ನಿಂತಿತು. ಕೊನೆಯ ಗುಡುಗು 2:50ಕ್ಕೆ. ದಡದ ಒಂದು ಕಲ್ಲಿನ ಮೇಲೆ ಕಣ್ಣಿಟ್ಟು ನೀರು ಇಳಿಯುವುದನ್ನು ನೋಡುತ್ತ ಕೂತೆವು. ಹುಡುಗ ಒಂದು ಮಾತೂ ಆಡಲಿಲ್ಲ. 3:30ಕ್ಕೆ ತಳದ ಕಲ್ಲುಗಳು ಕಾಣಿಸಿದ ಮೇಲೆ ದಾಟಿದೆವು. ಅವನು ಹೋಗಿ ಅಮ್ಮನ ಪಕ್ಕ ಕೂತು ಅವರ ಪಾದ ಒರೆಸಿದ.

ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ನಿಧಾನವಾಗಿ ಇಳಿದೆವು, 5:50ಕ್ಕೆ ರಸ್ತೆ. ಪದವಿನ ಮೇಲೆ ಫೋನಿಗೆ ಸಿಗ್ನಲ್ ಸಿಕ್ಕಿದಾಗ ಜೀಪಿನವರಿಗೆ ಹೇಳಿಟ್ಟೆವು. ಡಾಕ್ಟರು ಬಿಪಿ ಕೆಳಗೆ ಹೋಗಿದೆ ಎಂದು ಒಂದು ಬಾಟಲಿ ಸಲೈನ್ ಹಾಕಿ ರಾತ್ರಿಯೇ ಮನೆಗೆ ಕಳಿಸಿದರು. ಬಿಸಿಲಲ್ಲಿ ದೂರ ನಡೆಯುವ ದಿನಕ್ಕೆ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ಮೊದಲೇ ಬಂದು ಕೇಳಿ, ನೀವಾಗಿ ನಿಲ್ಲಿಸಬೇಡಿ ಎಂದರು.

ಈಗ

ಜೂನ್ ತಿಂಗಳಲ್ಲಿ ವಾಚನಾಲಯದಲ್ಲಿ ಎಲ್ಲರೂ ಕೂತು ಮಾತಾಡಿದೆವು. ಒಂದೆರಡು ವಿಷಯದಲ್ಲಿ ಒಪ್ಪಲಿಲ್ಲ. ಹಗ್ಗ ಇದ್ದಿದ್ದರೆ ದಾಟಬಹುದಿತ್ತು ಎಂದು ಇಬ್ಬರು ಹುಡುಗರು ಈಗಲೂ ಹೇಳುತ್ತಾರೆ. ಮೇ ತಿಂಗಳಲ್ಲಿ ತೋಡಿನ ದಾರಿ ಬೇಡವೇ ಬೇಡ ಎಂದು ಮಾವ. ಮಕ್ಕಳಿಗೆ ರಜೆ ಇರುವುದೇ ಏಪ್ರಿಲ್, ಮೇಯಲ್ಲಿ, ಮತ್ತೆ ಯಾವಾಗ ಕರೆದುಕೊಂಡು ಹೋಗುವುದು ಎಂದು ಟೀಚರ್.

ಒಪ್ಪಿದ್ದು ಇಷ್ಟು. ಗುಂಪು ನಡೆಸುವವರು ಎಲ್ಲರಿಗಿಂತ ಹಿಂದೆ ನಡೆಯಬೇಕು, ಮದ್ದಿನ ಚೀಲವೂ ಅವರ ಹತ್ತಿರ. ಮುಂದಿನವರಿಗೆ ದಾರಿ ಗೊತ್ತಿದ್ದರೆ ಸಾಕು, ಮುಂದುವರಿಯಬೇಕಾ ಬೇಡವಾ ಎಂದು ಹೇಳುವುದು ಹಿಂದಿನವರು. ಕೊನೆಯವರು ಬಂದು, ಕೂತು, ನೀರು ಕುಡಿಯುವವರೆಗೆ ಯಾರೂ ಹೊರಡುವಂತಿಲ್ಲ. ಮುಕ್ಕಾಲು ಗಂಟೆಗೊಮ್ಮೆ ಗುಂಪು ನಿಲ್ಲುತ್ತದೆ, ಯಾರೂ ಕೇಳಬೇಕಾಗಿಲ್ಲ. ನಿಂತಾಗ ಗಂಡಸರು, ಹುಡುಗರು ನೂರು ಹೆಜ್ಜೆ ಮುಂದೆ ಹೋಗಿ ತಿರುವಿನಾಚೆ ಕೂರುತ್ತಾರೆ. ದಾರಿ ನೋಡಲು ಮೊದಲೇ ಹೋಗುವವರಲ್ಲಿ ಒಬ್ಬರು ಹೆಂಗಸರು ಇರುತ್ತಾರೆ, ಎಲ್ಲೆಲ್ಲಿ ಮರೆ ಇದೆ ಎಂದು ನೋಡಿಕೊಂಡು ಬರುತ್ತಾರೆ. ಮನೆಯಿಂದ ಹೊರಡುವ ಮೊದಲು ಫೋನಿನಲ್ಲಿ ದಾಮಿನಿ ಆ್ಯಪ್ ತೆರೆದು ಮಿಂಚಿನ ಸೂಚನೆ ನೋಡುವುದು ಹುಡುಗರ ಕೆಲಸ.

ಮರುವರ್ಷ ಏಪ್ರಿಲಿನಲ್ಲಿ ಕೆಳಗಿನ ಅಬ್ಬಿಯವರೆಗೆ ಮಾತ್ರ ಹೋದೆವು. ಆರಕ್ಕೆ ಹೊರಟು ಒಂಬತ್ತೂವರೆಗೆ ವಾಪಸ್. ಅತ್ತಿಗೆ ಬರುವುದಿಲ್ಲ ಎಂದುಕೊಂಡಿದ್ದೆ, ಜೀಪಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದರು. ಕೊಟ್ಟಿಗೆ ಬೇಯಿಸಿದ್ದು ಈ ಸಲ ಅಣ್ಣ ಮತ್ತು ಮಗ. ಗೇರು ತೋಟದ ಕೊನೆಯಲ್ಲಿ ಮುರಕಲ್ಲಿನ ಹಳೆಯ ಗೋಡೆಯೊಂದಿದೆ. ಅಲ್ಲಿ ಗುಂಪು ನಿಂತಿತು, ನಾವು ತಿರುವು ದಾಟಿ ಹೋಗಿ ಕೂತೆವು. ಸ್ವಲ್ಪ ಹೊತ್ತಿಗೆ ಹೆಂಗಸರು ಮಾತಾಡಿಕೊಂಡು ಬಂದರು. ಅತ್ತಿಗೆ ಕಲ್ಲಿನ ಮೇಲೆ ಕೂತು, ಬಾಟಲಿ ಎತ್ತಿ, ಅರ್ಧ ಖಾಲಿಯಾಗುವವರೆಗೂ ಕುಡಿದರು. ಟೀಚರ್ ಸಣ್ಣ ಪುಸ್ತಕ ತೆಗೆದು ಹೊತ್ತು ಬರೆದುಕೊಂಡರು, 6:45.